ಹೆಬ್ಬೆಟ್ಟಿನ ಕಾಗದ

ನಮ್ಮ ಓಣಿಯಲ್ಲಿ ಗಡಿಯಾರ ಇದ್ದದ್ದು ಎರಡೇ ಮನೆಯಲ್ಲಿ. ಆದರೂ ಯಾರಿಗೂ ಹೊತ್ತು ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಜಿನ್ನಿನ ಭೋಂಗಾ ಒಮ್ಮೆ ಕೂಗಿತೆಂದರೆ ಒಲೆಯ ಮೇಲೆ ಹಂಚು ಏರುತ್ತಿತ್ತು. ಎರಡನೆಯ ಸಲ ಕೂಗಿತೆಂದರೆ ಹೆಂಗಸರು ಬುತ್ತಿ ಕಟ್ಟಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ, ಮಕ್ಕಳನ್ನು ಅತ್ತೆಯ ಕೈಗೋ ನೆರೆಯವರ ಕೈಗೋ ಕೊಟ್ಟು ಓಡುತ್ತಿದ್ದರು. ಸಂಕ್ರಾಂತಿ ಕಳೆದು ಯುಗಾದಿ ದಾಟುವವರೆಗೆ ಗದಗಿನಲ್ಲಿ ಹತ್ತಿಯ ಹಂಗಾಮು. ಚಕ್ಕಡಿಗಳು ಸಾಲುಗಟ್ಟಿ ಬರುತ್ತಿದ್ದವು. ಗಾಳಿ ಬಿಟ್ಟರೆ ಅರಳೆ ಹಾರಿಬಂದು ಒಣಹಾಕಿದ ಸಂಡಿಗೆಯ ಮೇಲೆ ಕೂಡುತ್ತಿತ್ತು. ಅವ್ವ ಬೈಯುತ್ತಲೇ ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಳು. ಬೈದರೂ ಆ ಅರಳೆಯೇ ನಮ್ಮ ಅನ್ನ. ಅಪ್ಪ ಆ ಕಾರಖಾನೆಯಲ್ಲಿ ದಿವಾನಜಿ ಆಗಿದ್ದರು.

ಅಪ್ಪನ ಅಕ್ಷರ ಮುತ್ತಿನಂತೆ ಇದ್ದವು. ಖಾತೆಕಿರ್ದಿ ಬರೆಯಲಿ, ಬೀಗರಿಗೆ ಕಾಗದ ಬರೆಯಲಿ, ಒಂದು ಅಕ್ಷರ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಓಣಿಯ ಮಂದಿ ಅರ್ಜಿ ಬರೆಸಲು ನಮ್ಮ ಕಟ್ಟೆಗೇ ಬರುತ್ತಿದ್ದರು. ಅವರು ಬರೆದ ಒಂದು ಕಾಗದದ ವಿಷಯವನ್ನೇ ನಾನು ಈಗ ಹೇಳಬೇಕಾಗಿದೆ. ಹೇಳಲೋ ಬೇಡವೋ ಎಂದು ಬಹಳ ದಿನ ಹೊಯ್ದಾಡಿದೆ. ಅಪ್ಪ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಚಿಗವ್ವನೂ ಇಲ್ಲ.

ಚಿಗವ್ವ ನಮ್ಮ ರಕ್ತ ಸಂಬಂಧಿಯಲ್ಲ. ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು ಅವಳದು. ಹಂಗಾಮಿನಲ್ಲಿ ಜಿನ್ನಿಗೆ ಹೋಗುತ್ತಿದ್ದಳು, ಹಂಗಾಮು ಮುಗಿದರೆ ಎರಡು ಮೂರು ಮನೆಯ ಮುಸುರೆ ತಿಕ್ಕುತ್ತಿದ್ದಳು. ಗಂಡ ತೀರಿಕೊಂಡಿದ್ದ, ಚಿಕ್ಕ ಮಗಳೊಬ್ಬಳಿದ್ದಳು. ರೊಟ್ಟಿ ಬಡಿಯುವುದರಲ್ಲಿ ಓಣಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳು ಬಡಿಯುವ ಸಪ್ಪಳವನ್ನು ಗೋಡೆಯಾಚೆಯಿಂದಲೇ ಗುರುತಿಸಬಹುದಿತ್ತು. ಎಲ್ಲಿಯೂ ತಡೆಯದೆ, ಒಂದೇ ತಾಳ.

1964ರ ಹಂಗಾಮಿನಲ್ಲಿ, ನನಗೆ ಆಗ ಒಂಬತ್ತು ವರ್ಷ, ಅವಳ ಬಲಗೈಯ ಮೂರು ಬೆರಳು ಜಿನ್ನಿಗೆ ಹೋದವು. ತೋರುಬೆರಳು, ನಡುಬೆರಳು, ಉಂಗುರ ಬೆರಳು. ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು.

ಜಿನ್ನು ಎಂದರೆ ಏನೆಂದು ಈಗಿನ ಹುಡುಗಿಯರಿಗೆ ಹೇಳಬೇಕು. ಹತ್ತಿಯಿಂದ ಬೀಜ ಬಿಡಿಸುವ ಮಶೀನು ಅದು. ಚರ್ಮದ ಒಂದು ರೂಳು ತಿರುಗುತ್ತಿರುತ್ತದೆ, ಅದಕ್ಕೆ ಒತ್ತಿ ನಿಂತ ಒಂದು ಅಲಗು, ಮೇಲೆ ಕೆಳಗೆ ಆಡುವ ಇನ್ನೊಂದು ಅಲಗು. ರೂಳು ಅರಳೆಯನ್ನು ಎಳೆದುಕೊಳ್ಳುತ್ತದೆ, ಆಡುವ ಅಲಗು ಬೀಜವನ್ನು ಬಡಿದು ಕೆಡವುತ್ತದೆ. ಹೆಂಗಸರು ಮುಂದೆ ನಿಂತು ಹಿಡಿ ಹಿಡಿಯಾಗಿ ಹತ್ತಿ ಊಡುತ್ತಿದ್ದರು. ಆಗಿನ ಕಾರಖಾನೆಗಳಲ್ಲಿ ಒಂದೊಂದು ಜಿನ್ನಿಗೆ ಒಂದೊಂದು ಮೋಟರು ಇರಲಿಲ್ಲ. ಒಂದೇ ಎಂಜಿನ್ನು, ಅದರಿಂದ ನೆಲದ ಕೆಳಗೆ ಉದ್ದಕ್ಕೂ ಹೋದ ಒಂದು ದಂಡ, ಆ ದಂಡದಿಂದ ಪ್ರತಿ ಜಿನ್ನಿಗೂ ಒಂದು ಪಟ್ಟಾ. ಒಂದು ಜಿನ್ನು ನಿಲ್ಲಿಸಬೇಕಾದರೆ ಅದರ ಪಟ್ಟಾವನ್ನು ಸರಿಸಬೇಕು. ಅದಕ್ಕೆ ಬೇರೆ ಆಳು. ಅವನನ್ನು ಕೂಗಬೇಕು, ಆ ಸದ್ದಿನಲ್ಲಿ ಅವನಿಗೆ ಕೇಳಬೇಕು, ಅವನು ಬರಬೇಕು. ಅಷ್ಟರೊಳಗೆ ಮುಕಾದಮ ಬಂದು, ನಿನ್ನ ಜಿನ್ನು ಯಾಕೆ ಹಿಂದೆ ಬಿತ್ತು ಎಂದು ಕೇಳುತ್ತಾನೆ. ಬೀಜ ಸಿಕ್ಕಿಕೊಂಡರೆ ಕೈಯಿಂದಲೇ ತೆಗೆದುಬಿಡುವುದು ಎಲ್ಲರ ರೂಢಿ. ಚಿಗವ್ವ ಮಾಡಿದ್ದೂ ಅದನ್ನೇ.

ಅವಳನ್ನು ದವಾಖಾನೆಗೆ ಒಯ್ದರು. ಹದಿನೈದು ದಿನದ ಮೇಲೆ ಮನೆಗೆ ಬಂದಳು. ಅದಾಗಿ ನಾಲ್ಕೈದು ದಿನಕ್ಕೆ, ಬಟವಡೆಯ ದಿನ ಸಂಜೆ, ಅಪ್ಪ ಅವಳನ್ನು ಕಾರಖಾನೆಯ ಕಚೇರಿಗೆ ಕರೆಸಿದರು. 175 ರೂಪಾಯಿ ಕೈಯಲ್ಲಿ ಇಟ್ಟು ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಎಡಗೈಯ ಹೆಬ್ಬೆಟ್ಟು. ಬಲಗೈಗೆ ಇನ್ನೂ ಪಟ್ಟಿ ಇತ್ತು. ಕಾಗದದ ಒಂದು ಪ್ರತಿ ಅಪ್ಪನ ಟ್ರಂಕಿನಲ್ಲಿ ಉಳಿದುಬಿಟ್ಟಿತ್ತು. ಯಾಕೆ ಇಟ್ಟುಕೊಂಡರೋ ಅವರಿಗೇ ಗೊತ್ತು.

ಇಷ್ಟು ಮನೆಯ ಕಥೆ. ನಾನು ಇತಿಹಾಸ ಕಲಿಸಿ ನಿವೃತ್ತಳಾದವಳು, ಹಾಗಾಗಿ ಕಥೆ ಅಲ್ಲಿಗೇ ನಿಲ್ಲಲಿಲ್ಲ.

ನಮ್ಮ ನಾಡಿನ ಹತ್ತಿಯ ಇತಿಹಾಸದಲ್ಲಿ ಮೊದಲಿಂದಲೂ ಹೆಂಗಸರ ಕೈ ಇದೆ, ಕಾಲೂ ಇದೆ. ಜಿನ್ನು ಬರುವ ಮೊದಲು ಧಾರವಾಡ ಸೀಮೆಯಲ್ಲಿ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸಲಾಕಿಯನ್ನು ಪಾದದಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ದಿನವೆಲ್ಲಾ ಉರುಳಿಸಿದರೂ ಅರಳೆ ಸ್ವಲ್ಪವೇ. ಪಾದ ನೋಯುತ್ತಿತ್ತು, ಆದರೆ ಬೆರಳು ಹೋಗುತ್ತಿರಲಿಲ್ಲ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೇರಿಕದ ಹತ್ತಿಯ ತಳಿಯನ್ನು ಇಲ್ಲಿ ಬೆಳೆಸಿತು. ಅದು ‘ಧಾರವಾಡ ಅಮೇರಿಕನ್’ ಎಂಬ ಹೆಸರಿನಿಂದ ಪೇಟೆಯಲ್ಲಿ ನಿಂತಿತು. ಅದರ ಬೀಜಕ್ಕೆ ಅರಳೆ ಗಟ್ಟಿಯಾಗಿ ಅಂಟಿರುವುದರಿಂದ ಪಾದದ ಸಲಾಕಿ ಸಾಲದಾಯಿತು, ಹಲ್ಲಿನ ಜಿನ್ನುಗಳು ಹಳ್ಳಿಗಳಿಗೂ ಬಂದವು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. 1884ರಲ್ಲಿ ಗದಗಿಗೆ ರೈಲು ಬಂತು. ರೈಲಿನ ಹಿಂದೆಯೇ ಉಗಿ ಎಂಜಿನ್ನು, ಎಂಜಿನ್ನಿನ ಹಿಂದೆ ಜಿನ್ನು, ಪ್ರೆಸ್ಸು, ಅಂಡಿಗೆ ಕಟ್ಟುವವರು, ದಲಾಲರು, ಕೊನೆಗೆ ನಮ್ಮ ಅಪ್ಪನಂಥ ದಿವಾನಜಿಗಳು.

ಕಾಯಿದೆ ಮಾತ್ರ ನಿಧಾನವಾಗಿ ಬಂತು. 1855ರಲ್ಲಿಯೇ ಒಂದು ಕಾಯಿದೆ ಇತ್ತು. ಬೇರೆಯವರ ತಪ್ಪಿನಿಂದ ಮನೆಯ ಮನುಷ್ಯ ಸತ್ತರೆ ಮನೆಯವರು ದಾವೆ ಹಾಕಬಹುದು ಎಂದು ಅದು ಹೇಳುತ್ತಿತ್ತು. ಆದರೆ ಸಾಯಬೇಕು, ಮೇಲೆ ತಪ್ಪನ್ನೂ ಸಾಧಿಸಬೇಕು. ಗಂಡ ಸತ್ತ ಕೂಲಿಯ ಹೆಂಗಸು ವಕೀಲರನ್ನು ಹಿಡಿದು ಸಾವುಕಾರನ ತಪ್ಪು ಸಾಧಿಸಿದ್ದು ಆ ಕಾಲದಲ್ಲಿ ಎಲ್ಲಿ ಕಂಡಿತು? ಬದುಕಿ ಉಳಿದು ಕೈ ಕಳೆದುಕೊಂಡವರಿಗಂತೂ ಮಾಲೀಕನ ದಯೆಯೇ ಗತಿ. 1881ರಲ್ಲಿ ಮೊದಲ ಕಾರಖಾನೆ ಕಾಯಿದೆ ಬಂತು, ಅಪಾಯದ ಯಂತ್ರಗಳಿಗೆ ಬೇಲಿ ಹಾಕಿ ಎಂದಿತು. ಲ್ಯಾಂಕಾಶೈರಿನ ಗಿರಣಿ ಒಡೆಯರು ಮುಂಬಯಿಯ ಪೈಪೋಟಿ ಸಹಿಸದೆ ಒತ್ತಾಯ ಮಾಡಿದ್ದರಿಂದ ಆ ಕಾಯಿದೆ ಬಂತೆಂದು ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಕರುಣೆಯ ಹಿಂದೆ ವ್ಯಾಪಾರವೂ ಇರುತ್ತದೆ. ಇರಲಿ, ಬೇಲಿ ಬಿದ್ದರೆ ಸಾಕು. ಆದರೆ ಅದು ಅನ್ವಯವಾದದ್ದು ನೂರು ಮಂದಿ ದುಡಿಯುವ, ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯುವ ಕಾರಖಾನೆಗಳಿಗೆ. ನಮ್ಮ ಜಿನ್ನುಗಳ ಹಂಗಾಮು ಎಷ್ಟು ತಿಂಗಳು? ಸಂಕ್ರಾಂತಿಯಿಂದ ಯುಗಾದಿ. ಅಂಥ ಹಂಗಾಮಿನ ಕಾರಖಾನೆಗಳನ್ನು ಕಾಯಿದೆ ಒಳಗೆ ತೆಗೆದುಕೊಂಡದ್ದು 1911ರಲ್ಲಿ. 1934ರ ಕಾಯಿದೆಯಲ್ಲಿಯೂ ವರ್ಷವಿಡೀ ನಡೆಯುವ ಕಾರಖಾನೆಗೆ ವಾರಕ್ಕೆ 54 ಗಂಟೆ, ಹಂಗಾಮಿನದಕ್ಕೆ 60 ಗಂಟೆ ಎಂದು ಭೇದ ಇತ್ತು. ಆ ಭೇದ ಅಳಿದದ್ದು 1948ರಲ್ಲಿ. ಹಂಗಾಮಿನ ಜಿನ್ನುಗಳಲ್ಲಿ ನಿಂತು ಹತ್ತಿ ಊಡಿದವರು ಹೆಚ್ಚಾಗಿ ಹೆಂಗಸರೇ ಎನ್ನುವುದನ್ನು ಇದರ ಜೊತೆ ಇಟ್ಟು ನೋಡಬೇಕು.

ಬೆರಳಿಗೆ ಬೆಲೆ ಕಟ್ಟಿದ್ದು 1923ರ ಕಾಯಿದೆ. ಕಾರ್ಮಿಕರ ಪರಿಹಾರ ಕಾಯಿದೆ. 1924ರ ಜುಲೈ 1ರಿಂದ ಜಾರಿಗೆ ಬಂತು. ತಪ್ಪು ಯಾರದು ಎಂದು ಕೇಳದೆ, ಕೆಲಸದಲ್ಲಿ ಕೆಲಸದ ಕಾರಣದಿಂದ ಗಾಯವಾದರೆ ಮಾಲೀಕ ಕೊಡಬೇಕು ಎಂದು ನಮ್ಮ ದೇಶದಲ್ಲಿ ಮೊದಲು ಹೇಳಿದ್ದು ಅದೇ. ವಯಸ್ಕ ಕಾರ್ಮಿಕ ಸತ್ತರೆ ಮೂವತ್ತು ತಿಂಗಳ ಪಗಾರ ಅಥವಾ 2500 ರೂಪಾಯಿ, ಯಾವುದು ಕಡಿಮೆಯೋ ಅದು. ದುಡಿಯುವ ಹುಡುಗ ಸತ್ತರೆ 200 ರೂಪಾಯಿ. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನೊಂದು ಸಂಗತಿ ನಮ್ಮ ಸೀಮೆಯದೇ. ಗದಗ, ಬೆಟಗೇರಿ, ಮುಂಡರಗಿ ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಬ್ರಿಟಿಷರ ಕಾಯಿದೆ ಸಂಸ್ಥಾನದ ಗಡಿಯೊಳಗೆ ತಾನಾಗಿ ನಡೆಯುತ್ತಿರಲಿಲ್ಲ, ಅಲ್ಲಿಯ ದರಬಾರು ಒಪ್ಪಬೇಕಾಗಿತ್ತು. ಅಂದರೆ 1925ರಲ್ಲಿ ಗದಗಿನಲ್ಲಿ ಬೆರಳು ಹೋದವಳಿಗೆ ಕೈಯಲ್ಲಿ ಒಂದು ಕಾಯಿದೆ ಇತ್ತು. ಅವಳ ತಂಗಿಯನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರೆ, ಅದೇ ಹತ್ತಿಗೆ ಅದೇ ಬಗೆಯ ಜಿನ್ನಿನಲ್ಲಿ ಅವಳ ಬೆರಳು ಹೋದರೆ, ಆ ಕಾಯಿದೆ ಗಡಿಯಲ್ಲೇ ನಿಲ್ಲುತ್ತಿತ್ತು. ತವರಿಗೂ ಗಂಡನ ಮನೆಗೂ ನಡುವೆ ಒಂದು ದಿನದ ಚಕ್ಕಡಿ ದಾರಿ. 1948ರ ಮಾರ್ಚ್ 8ರಂದು ದಕ್ಷಿಣದ ಆ ಮರಾಠಾ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಈ ಗೆರೆ ಅಳಿಸಿತು. ಅದೇ ವರ್ಷ ಹೊಸ ಕಾರಖಾನೆ ಕಾಯಿದೆಯೂ ಬಂತು.

ಈಗ ಆ ಕಾಗದಕ್ಕೆ ಬರುತ್ತೇನೆ.

1996ರಲ್ಲಿ ನಮ್ಮ ಮಹಿಳಾ ಮಂಡಳದವರು, ಹೆಣ್ಣುಮಕ್ಕಳು ಮತ್ತು ಕಾನೂನು ಎಂಬ ವಿಷಯದ ಮೇಲೆ ನಾಲ್ಕು ಮಾತಾಡಿರಿ ಎಂದು ನನ್ನನ್ನು ಕೇಳಿದರು. ವರದಕ್ಷಿಣೆ, ಜೀವನಾಂಶ ಇವನ್ನೇ ಹೇಳಬೇಕೆಂದಿದ್ದೆ. ಬಳಗದ ವಕೀಲರೊಬ್ಬರಲ್ಲಿ ಪುಸ್ತಕ ಕೇಳಲು ಹೋದಾಗ ಅವರು ಕೊಟ್ಟ ಕಟ್ಟಿನಲ್ಲಿ 1923ರ ಕಾಯಿದೆಯೂ ಇತ್ತು. ತಿರುವಿ ಹಾಕುತ್ತಾ ಹಾಕುತ್ತಾ ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಕಂಡಿತು. ಅದು ದೇಹದ ಪಟ್ಟಿ. ಎರಡೂ ಕೈ ಹೋದರೆ ಶೇಕಡಾ 100. ಒಂದು ಮುಂಗೈ ಹೋದರೆ 60. ಹೆಬ್ಬೆರಳು 30. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳು 12, ಉಂಗುರ ಬೆರಳು ಅಥವಾ ಕಿರುಬೆರಳು 7. ಒಂದು ಕೈಯ ಮೂರು ಬೆರಳು ಒಟ್ಟಿಗೆ ಹೋದರೆ 30. ಮಾಂಸದಂಗಡಿಯ ಹಲಗೆಯ ಹಾಗೆ ಕಂಡಿತು ನನಗೆ. ಆಮೇಲೆ ಯೋಚಿಸಿದೆ, ಪಟ್ಟಿಯೇ ಇಲ್ಲದಿದ್ದಾಗ ಬೆಲೆ ಕಟ್ಟುತ್ತಿದ್ದವರು ಯಾರು? ಸಾವುಕಾರ ಮತ್ತು ಅವನ ದಿವಾನಜಿ.

ಮುಂದೆ ಓದಿದೆ. ಹದಿನೇಳನೆಯ ಕಲಮು. ಕಾರ್ಮಿಕ ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಏನೇ ಬರೆದುಕೊಟ್ಟರೂ ಅಷ್ಟರ ಮಟ್ಟಿಗೆ ಆ ಕರಾರು ಶೂನ್ಯ. ಎಂಟನೆಯ ಕಲಮು ಓದಿದಾಗ ಇನ್ನೂ ಬೆರಗಾಯಿತು. ಹೆಂಗಸಿಗೆ ಗಂಟು ಮೊತ್ತದ ಪರಿಹಾರವನ್ನು ಮಾಲೀಕ ತನ್ನ ಕೈಯಿಂದ ಕೊಡುವಂತೆಯೇ ಇಲ್ಲ. ಆಯುಕ್ತರಲ್ಲಿ ಠೇವಣಿ ಇಡಬೇಕು, ಅವರು ಅವಳಿಗೆ ಮುಟ್ಟಿಸಬೇಕು. ನೇರವಾಗಿ ಕೊಟ್ಟದ್ದು ಕೊಟ್ಟಂತೆಯೇ ಅಲ್ಲ. ಆ ಕಲಮಿನಲ್ಲಿ ಹೆಂಗಸರನ್ನು, ಕಾನೂನಿನ ದೃಷ್ಟಿಯಲ್ಲಿ ಸ್ವಂತ ವ್ಯವಹಾರ ಮಾಡಲಾರದವರ ಸಾಲಿನಲ್ಲಿ ಕೂಡಿಸಿದ್ದಾರೆ. ಮೊದಲು ನನಗೆ ಸಿಟ್ಟು ಬಂತು. ಪಗಾರ ಎಣಿಸಿಕೊಳ್ಳಲು ಬರುವವಳಿಗೆ ಪರಿಹಾರ ಎಣಿಸಿಕೊಳ್ಳಲು ಬರುವುದಿಲ್ಲವೇ? ಆಮೇಲೆ, ಗಂಡ ಸತ್ತ ದುಡ್ಡನ್ನು ಮೈದುನರು ಹೊಲದ ಸಾಲಕ್ಕೆ ತುಂಬಿದ್ದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ ಎಂದುಕೊಂಡೆ. ಯಾರೋ ಒಬ್ಬ ಅಧಿಕಾರಿಯ ಮುಂದೆ ಎಣಿಸಿ ಕೊಟ್ಟರೆ ಕೆಡುಕೇನಿಲ್ಲ. ಎರಡೂ ಮಾತು ನಿಜ. ನಾನು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಕಾರಖಾನೆ ಕಾಯಿದೆಯ 22ನೆಯ ಕಲಮನ್ನೂ ಅದೇ ರಾತ್ರಿ ಓದಿದೆ. ಆಡುತ್ತಿರುವ ಭಾಗದಿಂದ ಗಾಯವಾಗುವ ಭಯವಿದ್ದರೆ ಆ ಯಂತ್ರವನ್ನು ಹೆಂಗಸರ ಕೈಯಿಂದ ಚೊಕ್ಕ ಮಾಡಿಸುವುದೇ ಅಪರಾಧ. ಹತ್ತಿಯ ವಿಷಯದಲ್ಲಿ ಆ ಕಾಯಿದೆ ಇನ್ನೂ ಮುಂದೆ ಹೋಗಿದೆ. ಪ್ರೆಸ್ಸಿನಲ್ಲಿ ಅರಳೆ ಬಿಡಿಸುವ ಯಂತ್ರ ನಡೆಯುವಲ್ಲಿ, ನಡುವೆ ಚಾವಣಿಯವರೆಗೆ ಗೋಡೆ ಇಲ್ಲದಿದ್ದರೆ, ಹೆಂಗಸರೂ ಮಕ್ಕಳೂ ಕೆಲಸ ಮಾಡಕೂಡದು ಎಂದು 27ನೆಯ ಕಲಮು. ಜಿನ್ನಿನ ನೆಲದಡಿಯ ಆ ಉದ್ದ ದಂಡದ ಸುತ್ತ ಹತ್ತಿ ದಾಟಲಾಗದಂಥ ಗೋಡೆಯೋ ಬೇಲಿಯೋ ಇರಬೇಕು, ಬಾಗಿಲಿಗೆ ಕೀಲಿ ಇರಬೇಕು ಎಂದು ರಾಜ್ಯಗಳ ನಿಯಮಗಳಲ್ಲಿ ಇದೆ. ಸೆರಗು ಸಿಕ್ಕಿ ಹೆಂಗಸರು ಸತ್ತದ್ದರಿಂದಲೇ ಇಂಥ ನಿಯಮ ಬರೆದಿರಬೇಕೆಂದು ನನ್ನ ಊಹೆ. ಯಾರೂ ಸುಮ್ಮನೆ ಕೂತು ಕೀಲಿಯ ನೆನಪು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಚಿಗವ್ವನ ತಪ್ಪು ಎಲ್ಲಿ? ನಡೆಯುವ ಮಶೀನಿಗೆ ಕೈ ಹಾಕಿದಳು, ಅವಳದೇ ತಪ್ಪು ಎಂದು ಆಗ ಎಲ್ಲರೂ ಅಂದಿದ್ದರು. ಅವಳೂ ಅದನ್ನೇ ಅನ್ನುತ್ತಿದ್ದಳು. ಕಾಯಿದೆ ಹಾಗೆ ಅನ್ನುವುದಿಲ್ಲ. ಕುಡಿದಿದ್ದರೆ, ಸುರಕ್ಷಿತತೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ರಕ್ಷಣೆಯ ಸಾಧನವನ್ನು ಬೇಕೆಂದೇ ಕಿತ್ತಿಟ್ಟಿದ್ದರೆ ಮಾತ್ರ ಮಾಲೀಕ ತಪ್ಪಿಸಿಕೊಳ್ಳಬಹುದು. ಸತ್ತರೆ ಆ ನೆವವೂ ನಡೆಯುವುದಿಲ್ಲ. ಅವಸರದಲ್ಲಿ ಕೈ ಹೋದದ್ದು, ದಣಿದು ಕಣ್ಣು ಕಟ್ಟಿದ್ದು, ಎಲ್ಲರೂ ಮಾಡುವಂತೆ ಮಾಡಿದ್ದು, ಇದಾವುದೂ ಹಕ್ಕನ್ನು ಕಳೆಯುವ ತಪ್ಪಲ್ಲ.

ಅಪ್ಪ ಆಗ ಇದ್ದರು, ಎಪ್ಪತ್ತೈದು ದಾಟಿತ್ತು. ಕಟ್ಟೆಯ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ನಾನು ಕೇಳಿದೆ:

“ಅಪ್ಪಾ, ಚಿಗವ್ವನ ಕಡೆ ಬರೆಸಿಕೊಂಡ್ರೆಲ್ಲ, ಆ ಕಾಗದ ಕಾಯದೆದಾಗ ನಡೀತಿರಲಿಲ್ಲ. ನಿಮಗ ಗೊತ್ತಿತ್ತೇನು?”

ಅವರು ಪತ್ರಿಕೆ ಮಡಿಸಿದರು. ಬಹಳ ಹೊತ್ತಿನ ಮೇಲೆ ಹೇಳಿದರು.

“ಗೊತ್ತಿತ್ತೋ ಇಲ್ಲೋ ಈಗ ನೆನಪಿಲ್ಲವ್ವಾ. ಕೇಳಿದ್ರ ಗೊತ್ತಾಗ್ತಿತ್ತು. ಕೇಳಲಿಲ್ಲ. ಮನ್ಯಾಗ ನೀವು ಐದು ಮಂದಿ ಮಕ್ಕಳಿದ್ರಿ.”

ಅಷ್ಟೇ. ನಾನೂ ಮುಂದೆ ಕೇಳಲಿಲ್ಲ. ಆ ಐವರಲ್ಲಿ ಕಾಲೇಜು ಕಲಿತವಳು ನಾನೊಬ್ಬಳೇ, ಆ ಕಾಯಿದೆಯನ್ನು ಓದಲು ಬಂದದ್ದೂ ಆ ಪಗಾರದಿಂದಲೇ.

ಸಾವುಕಾರರು ರಾಕ್ಷಸರಾಗಿದ್ದರೆಂದು ಬರೆದರೆ ಸುಲಭ, ಆದರೆ ಸುಳ್ಳಾಗುತ್ತದೆ. ಅವರು ದವಾಖಾನೆಯ ಖರ್ಚು ಕೊಟ್ಟರು, ಆ ವರ್ಷ ಸೀರೆ ಕೊಟ್ಟರು, ಎರಡು ಹಂಗಾಮು ಅರ್ಧ ಪಗಾರದ ಮೇಲೆ ಅಂಗಳ ಗುಡಿಸುವ ಕೆಲಸ ಕೊಟ್ಟರು. ಮಾಲೀಕರ ಪಾಡೂ ಒಂದಿದೆ ಎಂದು ನನಗೆ ಮನೆಯಲ್ಲೇ ತಿಳಿಯಿತು. ನಮ್ಮ ಭಾವನವರ ಮಗ ಶಿರಹಟ್ಟಿಯ ಕಡೆ ಸಾಲ ಮಾಡಿ ಟ್ರ್ಯಾಕ್ಟರಿಗೆ ಕೂಡಿಸುವ ರಾಶಿ ಮಶೀನು ತಂದ. ಕಡಲೆಯ ರಾಶಿ, ಜೋಳದ ರಾಶಿ ಎಂದು ಊರೂರು ತಿರುಗುತ್ತಿದ್ದ. ಒಂದು ಸುಗ್ಗಿಯಲ್ಲಿ ಮುಂಡರಗಿಯ ಕಡೆಯ ಒಬ್ಬ ಹುಡುಗ, ರಾತ್ರಿ ದೀಪ ಹಚ್ಚಿಕೊಂಡು ಕಣ ಮಾಡುತ್ತಿದ್ದಾಗ, ಸೂಡು ದೂಡುವಾಗ ಮುಂಗೈ ಕಳೆದುಕೊಂಡ. ಮಶೀನಿಗೆ ಊಡುವ ತಗಡಿನ ದೋಣಿ ಕೈ ಡ್ರಮ್ಮಿಗೆ ಮುಟ್ಟದಷ್ಟು ಉದ್ದ ಇರಬೇಕು, ಮೇಲೆ ಮುಚ್ಚಿರಬೇಕು. ಕೆಲಸ ಜೋರಾಗಲೆಂದು ಯಾರೋ ಅದನ್ನು ಬಿಚ್ಚಿ ಇಟ್ಟಿದ್ದರು. ಪಂಜಾಬು ಹರಿಯಾಣಗಳಲ್ಲಿ ಇಂಥ ಮಶೀನಿಗೆ ಕೈ ಕೊಟ್ಟವರು ಲೆಕ್ಕವಿಲ್ಲದಷ್ಟಾದ ಮೇಲೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ಕಾಯಿದೆಯನ್ನೇ ಮಾಡಿತ್ತು. ನಮ್ಮ ಹುಡುಗನಿಗೆ ಅದರ ಹೆಸರೂ ಗೊತ್ತಿರಲಿಲ್ಲ.

“ಆಳು ನನ್ನವರಲ್ಲ, ಮೇಸ್ತ್ರಿ ಕರಕೊಂಡು ಬಂದಾನ” ಎಂದು ಅವನ ವಾದ. ಅದು ನಡೆಯಲಿಲ್ಲ. ಗುತ್ತಿಗೆದಾರನ ಮೂಲಕ ಬಂದ ಆಳಿಗೂ ಕೆಲಸ ಮಾಡಿಸಿಕೊಂಡ ಧಣಿ ಮೊದಲು ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಯಂತ್ರದ ಒಕ್ಕಲುತನದ ಕೆಲಸವೂ ಕಾಯಿದೆಯ ಪಟ್ಟಿಯಲ್ಲಿತ್ತು. ಮುಂಗೈ ಎಂದರೆ ಪಟ್ಟಿಯಲ್ಲಿ 60. ಆದರೆ ಹುಡುಗನ ವಕೀಲರು ಒಡಿಶಾದ ಬಡಗಿಯೊಬ್ಬರ ಮೊಕದ್ದಮೆ ತೋರಿಸಿದರು. ಆ ಬಡಗಿಯ ಎಡಗೈ ಹೋಗಿತ್ತು. ಒಂದೇ ಕೈಯಿಂದ ಬಡಗಿಯ ಕೆಲಸ ಆಗುವುದಿಲ್ಲ, ಹಾಗಾಗಿ ಅವನ ಮಟ್ಟಿಗೆ ನಷ್ಟ ನೂರಕ್ಕೆ ನೂರು ಎಂದು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಹೇಳಿತ್ತು. ಪರಿಹಾರದ ಹೊಣೆ ಅಪಘಾತದ ದಿನದಿಂದಲೇ ಶುರು ಎಂದೂ ಹೇಳಿತ್ತು. ನಮ್ಮ ಹುಡುಗ ಎರಡು ವರ್ಷ ತಾರೀಖಿನ ಮೇಲೆ ತಾರೀಖು ಎಳೆದ. ಎಳೆದಷ್ಟೂ ನೂರಕ್ಕೆ 12ರಂತೆ ಬಡ್ಡಿ ಬೆಳೆಯಿತು. ಟ್ರ್ಯಾಕ್ಟರಿನ ವಿಮೆ ಈ ಆಳಿಗೆ ತಾಗುವುದಿಲ್ಲ ಎಂದು ವಿಮೆಯವರು ಕೈ ತೊಳೆದುಕೊಂಡರು. ಆಳುಗಳ ಹೆಸರಿನಲ್ಲಿ ಬೇರೆ ವಿಮೆ ಮಾಡಿಸಬೇಕಿತ್ತು, ಮಾಡಿಸಿರಲಿಲ್ಲ. ಕೊನೆಗೆ ಎರಡು ಎಕರೆ ಎರೆಹೊಲ ಹೋಯಿತು. ನಮ್ಮ ನೆಗೆಣ್ಣಿ ಅಡಿಗೆ ಮನೆಯಲ್ಲಿ ಕೂತು, “ಅವನ ಕೈ ಹೋತು, ನಮ್ಮ ಹೊಲ ಹೋತು, ಗೆದ್ದವರ್‍ಯಾರು?” ಎಂದು ಅತ್ತಳು. ನಾನು ಏನೂ ಹೇಳಲಿಲ್ಲ. ಹೊಲ ಮತ್ತೆ ಕೊಳ್ಳಬಹುದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಜಿನ್ನು, ರಾಶಿ ಮಶೀನು ಎರಡರ ಮಾತೇ ಆಡಿದೆ. ಬೆಟಗೇರಿಯಲ್ಲಿ ಕೈಮಗ್ಗದ ಪಕ್ಕದಲ್ಲಿ ವಿದ್ಯುತ್ ಮಗ್ಗ ಬಂದಾಗ, ಲಾಳಿ ಹಾರಿ ಕಣ್ಣಿಗೆ ಬಡಿಯುವ ಭಯವೂ ಮನೆಯೊಳಗೇ ಬಂತು. ಅಲ್ಲಿ ಮಾಲೀಕ, ಆಳು, ಕಂಡಿಕೆ ಸುತ್ತುವ ಹೆಂಡತಿ ಎಲ್ಲ ಒಂದೇ ಸೂರ ಕೆಳಗೆ. ಒಂದು ಕಣ್ಣಿನ ನೋಟ ಹೋದರೆ ಪಟ್ಟಿಯಲ್ಲಿ ಶೇಕಡಾ 30, ಆದರೆ ತನ್ನ ಮಗ್ಗದಲ್ಲಿ ತಾನೇ ಕಣ್ಣು ಕಳೆದುಕೊಂಡವನು ಯಾರನ್ನು ಕೇಳಬೇಕು? ಮುದ್ರಣಕ್ಕೆ ಹೆಸರಾದ ಊರು ನಮ್ಮದು. ಟ್ರೆಡಲ್ ಮಶೀನಿಗೆ ಕಾಗದ ಕೊಟ್ಟು ತೆಗೆಯುವಾಗ ಒಂದು ಗಳಿಗೆ ತಡವಾದರೆ ಬೆರಳು ಜಜ್ಜುತ್ತಿತ್ತು. ಪುಸ್ತಕದ ಅಂಚು ಕತ್ತರಿಸುವ ಮಶೀನು ಇನ್ನೂ ಕೆಟ್ಟದ್ದು. ನಾವು ಓದಿದ ಪಠ್ಯಪುಸ್ತಕಗಳ ಅಂಚು ಅಷ್ಟು ನೆಟ್ಟಗೆ ಇರುತ್ತಿದ್ದವಲ್ಲ!

ಈಚಿನ ಮಾತು ಸ್ವಲ್ಪ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಯಾರಿಗಾದರೂ ಬೇಕಾಗಬಹುದು. ಭೋಪಾಲದ ದುರಂತ 1984ರಲ್ಲಿ ಆದ ಮೇಲೆ, 1987ರಲ್ಲಿ ಕಾರಖಾನೆ ಕಾಯಿದೆಯ ಶಿಕ್ಷೆಗಳನ್ನು ಬಿಗಿ ಮಾಡಿದರು. ಪರಿಹಾರದ ಲೆಕ್ಕಕ್ಕೆ ಹಿಡಿಯುವ ತಿಂಗಳ ಪಗಾರದ ಮಿತಿ 2020ರ ಜನವರಿಯಲ್ಲಿ 15,000 ರೂಪಾಯಿ ಆಯಿತು. ಪಗಾರದ ಶೇಕಡಾ 60 ತೆಗೆದುಕೊಂಡು, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಿ, ಪಟ್ಟಿಯ ಶೇಕಡಾವಾರು ಹಾಕಬೇಕು. ಮೂವತ್ತು ವರ್ಷದವರಿಗೆ ಆ ಸಂಖ್ಯೆ 207.98. ತಿಂಗಳಿಗೆ 15,000 ಇದ್ದು ಮೂರು ಬೆರಳು ಹೋದರೆ 5,61,546 ರೂಪಾಯಿ ಆಗುತ್ತದೆ. ಆದ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು ಎಂದು ಆ ಕಾಯಿದೆ ಹೇಳುತ್ತಿತ್ತು. ರಾಜ್ಯ ವಿಮೆ ಇರುವ ಕಾರಖಾನೆಯಾದರೆ ಮಾಲೀಕನನ್ನು ಕೇಳುವ ಹಾಗಿಲ್ಲ, ಹಣ ನಿಗಮದಿಂದ ಬರುತ್ತದೆ. 2025ರ ನವೆಂಬರ್ 21ರಿಂದ ಈ ಹಳೆಯ ಕಾಯಿದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ. ಮನೆಯಿಂದ ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತವನ್ನೂ ಅವು ಲೆಕ್ಕಕ್ಕೆ ಹಿಡಿದಿವೆ, ಅದು ಒಳ್ಳೆಯದು. ಮಾಲೀಕನಿಗೆ ಹಾಕಿದ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಗಾಯವಾದವರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರ ಕೊಟ್ಟಿವೆ, ಅದೂ ಒಳ್ಳೆಯದು. ಆದರೆ ಕರೆಂಟಿನಿಂದ ನಡೆಯುವ ಜಾಗದಲ್ಲಿ ಮೊದಲು ಹತ್ತು ಮಂದಿ ದುಡಿದರೆ ಕಾರಖಾನೆ ಎನಿಸುತ್ತಿತ್ತು, ಈಗ ಇಪ್ಪತ್ತು ಮಂದಿ ಬೇಕು. ನಮ್ಮ ಊರುಗಳ ಎಣ್ಣೆ ಗಾಣ, ಮಗ್ಗದ ಮನೆ, ಸಣ್ಣ ಪ್ರೆಸ್ಸುಗಳಲ್ಲಿ ಇಪ್ಪತ್ತು ಮಂದಿ ಎಲ್ಲಿರುತ್ತಾರೆ? ಮತ್ತೆ 1881ರ ನೆನಪಾಗುತ್ತದೆ ನನಗೆ.

ಆ ಕಾಗದವನ್ನು ನಾನು 1996ರಲ್ಲಿಯೇ, ಅಪ್ಪನಿಗೆ ಹೇಳಿ, ಚಿಗವ್ವನ ಹತ್ತಿರ ಒಯ್ದಿದ್ದೆ. ಅವಳು ಆಗ ಬೆಟಗೇರಿಯಲ್ಲಿ ಮಗಳ ಮನೆಯಲ್ಲಿ ಇದ್ದಳು. ಅರವತ್ತೈದು ದಾಟಿತ್ತು. ನಾನು ಹೋದಾಗ ರೊಟ್ಟಿ ಮಾಡುತ್ತಿದ್ದಳು. ಎಡಗೈಯಿಂದ ಬಡಿಯುವುದನ್ನು ಆ ವರ್ಷವೇ ಕಲಿತಿದ್ದಳು. ಬಲಗೈಯ ಎರಡು ಬೆರಳಿನಿಂದ ಹಿಟ್ಟು ತಿರುಗಿಸುತ್ತಾಳೆ, ಎಡಗೈಯಿಂದ ಬಡಿಯುತ್ತಾಳೆ, ನಡುನಡುವೆ ತಡೆಯುತ್ತದೆ. ಮೂವತ್ತೆರಡು ವರ್ಷವಾದರೂ ಆ ಹಳೆಯ ತಾಳ ಬಂದಿರಲಿಲ್ಲ.

ಎಲ್ಲ ಹೇಳಿದೆ. ಆ ಕಾಗದ ನಡೆಯುತ್ತಿರಲಿಲ್ಲ, ಆ ದುಡ್ಡು ದುಡ್ಡೇ ಅಲ್ಲ, ಇನ್ನೂ ಹೆಚ್ಚು ಬರಬೇಕಿತ್ತು, ಈಗ ಮುದ್ದತ್ತು ಮೀರಿ ಮೂವತ್ತು ವರ್ಷವಾಯಿತು ಎಂದೆಲ್ಲ. ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಾ ಕೇಳುತ್ತಿದ್ದಳು. ಸಿಟ್ಟಾಗಲಿಲ್ಲ, ಅಳಲಿಲ್ಲ.

“ಅದರಾಗ ಏನ ಬರದಾರ, ಓದವ್ವಾ. ಆವತ್ತ ಯಾರೂ ಓದಿ ಹೇಳಲಿಲ್ಲ” ಅಂದಳು.

ಓದಿದೆ. ನಾಲ್ಕೂವರೆ ಸಾಲು. ನನ್ನ ತಪ್ಪಿನಿಂದ ಗಾಯ ಆಗಿರುತ್ತದೆ, ಮಾಲೀಕರು ದಯಾಪೂರ್ವಕ ಕೊಟ್ಟ ಹಣ ಮುಟ್ಟಿರುತ್ತದೆ, ಇನ್ನು ಮುಂದೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ತಕರಾರೂ ಇರುವುದಿಲ್ಲ. ಕೆಳಗೆ ತಾರೀಖು, ನೀಲಿ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಅಪ್ಪನ ಸುಂದರ ಅಕ್ಷರದಲ್ಲಿ ಅವಳ ಹೆಸರು.

“ಇಷ್ಟ ಏನು?” ಅಂದಳು ಚಿಗವ್ವ. “ನಾ ಇನ್ನೂ ಭಾಳ ಬರದಾರ ಅಂತ ತಿಳಕೊಂಡಿದ್ದೆ.”

ಆಮೇಲೆ ರೊಟ್ಟಿ ತಿರುವಿ ಹಾಕಿದಳು, ಬಿಸಿಯಿದ್ದಾಗಲೇ ತಿನ್ನು ಎಂದು ಒಂದು ಚೂರು ಶೇಂಗಾ ಹಿಂಡಿ ಹಚ್ಚಿ ನನ್ನ ಕೈಗೆ ಕೊಟ್ಟಳು.